ಬಜೆಯ ನೀರು, ಕಾಗದದ ಮೀನು: ಟೋಕಿಯೊದ ಮಕ್ಕಳ ಹಬ್ಬಗಳ ಚರಿತ್ರೆ

ಸಂಶೋಧನೆಯ ಕೆಲಸಕ್ಕೆಂದು ಕೆಲವು ತಿಂಗಳು ಟೋಕಿಯೊದಲ್ಲಿದ್ದಾಗ ಒಂದು ಮೇ 5ರ ಸಂಜೆ ನಾನು ಉಳಿದಿದ್ದ ಬೀದಿಯ ಸೆಂತೊಗೆ ಹೋದೆ. ಸೆಂತೊ ಎಂದರೆ ದುಡ್ಡು ಕೊಟ್ಟು ಮೀಯುವ ಸಾರ್ವಜನಿಕ ಬಚ್ಚಲುಮನೆ. ಹೆಂಗಸರ ಕಡೆಯ ದೊಡ್ಡ ತೊಟ್ಟಿಯಲ್ಲಿ ಕತ್ತಿಯಂಥ ಉದ್ದನೆಯ ಹಸಿರೆಲೆಗಳ ಕಟ್ಟುಗಳು ತೇಲುತ್ತಿದ್ದವು. ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಅಂಥ ಒಂದು ಎಲೆಯನ್ನು ತಲೆಗೆ ಪಟ್ಟಿಯಂತೆ ಕಟ್ಟಿಸಿಕೊಂಡು ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂತಿದ್ದಳು. ನಾನೂ ಇಳಿದೆ. ಆವಿಯ ಜೊತೆ ಬಂದ ಘಾಟು ಎಲ್ಲೋ ಪರಿಚಿತ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಅದು ಅಜ್ಜಿಯ ಬಜೆಯ ವಾಸನೆ.

ನಮ್ಮ ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಅಜ್ಜಿ ತೇಯುವ ಕಲ್ಲು ಹೊರಗೆ ತೆಗೆಯುತ್ತಿದ್ದಳು. ಬಜೆಯ ಬೇರನ್ನು ಸುಟ್ಟು ತೇದು ಮಗುವಿನ ನಾಲಿಗೆಗೆ ಸವರುವುದು, ಬೇರಿನ ತುಂಡುಗಳನ್ನು ದಾರಕ್ಕೆ ಪೋಣಿಸಿ ಕೈಗೆ ಕಟ್ಟುವುದು. ಹೊಟ್ಟೆನೋವು, ದೃಷ್ಟಿ, ನೆಗಡಿ, ಮಾತು ತಡವಾಗುವುದು, ಎಲ್ಲಕ್ಕೂ ಅದೇ. ಮರುದಿನ ಗಿಡದ ಹೆಸರು ಹುಡುಕಿದೆ. ಜಪಾನೀಯರು ಶೋಬು ಎಂದು ಕರೆಯುವ ಆ ಎಲೆ ನಮ್ಮ ಬಜೆಯ ಜಾತಿಯದೇ. ನೀರಿನ ಅಂಚಿನಲ್ಲಿ ಬೆಳೆಯುವ ಅದೇ ಗಿಡ. ಅಲ್ಲಿ ಎಲೆ, ಇಲ್ಲಿ ಬೇರು. ಎರಡು ಕಡೆಯೂ ಅದನ್ನು ಹುಡುಕಿಕೊಂಡು ಹೋದದ್ದು ಮಕ್ಕಳಿಗಾಗಿ.

ಆ ಸಂಜೆಯವರೆಗೆ ಟೋಕಿಯೊದ ಮಕ್ಕಳ ಹಬ್ಬಗಳೆಂದರೆ ನನಗೆ ಸುಂದರ ಚಿತ್ರಗಳಷ್ಟೇ ಆಗಿದ್ದವು. ಮಾರ್ಚ್ 3ಕ್ಕೆ ಹೆಣ್ಣುಮಕ್ಕಳ ಗೊಂಬೆ ಹಬ್ಬ. ಮೇ 5ಕ್ಕೆ ಗಾಳಿಯಲ್ಲಿ ಈಜುವ ಮೀನಿನ ಬಾವುಟಗಳು. ಜುಲೈ 7ಕ್ಕೆ ಬಿದಿರಿಗೆ ಕಟ್ಟಿದ ಕೋರಿಕೆಯ ಚೀಟಿಗಳು. ನವೆಂಬರ್ 15ರ ಸುಮಾರಿಗೆ ಕಿಮೊನೊ ತೊಟ್ಟು ಉದ್ದನೆಯ ಮಿಠಾಯಿ ಚೀಲ ಹಿಡಿದ ಪುಟಾಣಿಗಳು. ಪ್ರವಾಸಿ ಪುಸ್ತಕಗಳು ಇವನ್ನೆಲ್ಲ ‘ಸಾವಿರ ವರ್ಷದ ಸಂಪ್ರದಾಯ’ ಎಂಬ ಒಂದೇ ಬುಟ್ಟಿಗೆ ಹಾಕುತ್ತವೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಈ ನಾಲ್ಕು ತಾರೀಕುಗಳೇ ಒಂದು ಒಗಟು. ಇವುಗಳಲ್ಲಿ ಮೊದಲ ಮೂರು ಹಬ್ಬಗಳನ್ನು ಸರ್ಕಾರ ಒಮ್ಮೆ ಪಟ್ಟಿಯಿಂದಲೇ ತೆಗೆದುಹಾಕಿತ್ತು. ಎಲ್ಲ ನಾಲ್ಕೂ ತಮ್ಮ ಮೂಲ ಋತುವನ್ನು ಕಳೆದುಕೊಂಡಿವೆ. ಆದರೂ ಉಳಿದವು. ಹೇಗೆ?

ಟೋಕಿಯೊದ ಹಳೆಯ ಹೆಸರು ಎದೊ. ತೊಕುಗಾವಾ ವಂಶದ ಶೋಗನ್‌ಗಳು, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ಆಡಳಿತ ನಡೆಸಿದ ಸೇನಾಧಿಪತಿಗಳು, 17ನೇ ಶತಮಾನದ ಆರಂಭದಲ್ಲಿ ಅದನ್ನು ತಮ್ಮ ರಾಜಧಾನಿ ಮಾಡಿಕೊಂಡರು. 18ನೇ ಶತಮಾನದ ಹೊತ್ತಿಗೆ ಅಲ್ಲಿ ಸುಮಾರು ಹತ್ತು ಲಕ್ಷ ಜನರಿದ್ದರು. ಪ್ರಪಂಚದ ಅತಿ ದೊಡ್ಡ ನಗರಗಳಲ್ಲಿ ಅದೊಂದು. ಶೋಗನರ ಸರ್ಕಾರ ವರ್ಷದಲ್ಲಿ ಐದು ದಿನಗಳನ್ನು ಅಧಿಕೃತ ಹಬ್ಬಗಳೆಂದು ಗುರುತಿಸಿತ್ತು: ಮೊದಲ ತಿಂಗಳ ಏಳು, ಮೂರರ ಮೂರು, ಐದರ ಐದು, ಏಳರ ಏಳು, ಒಂಬತ್ತರ ಒಂಬತ್ತು. ಬೆಸ ಸಂಖ್ಯೆಗಳು ಜೋಡಿಯಾಗಿ ಬರುವ ದಿನಗಳಿಗೆ ವಿಶೇಷ ಬಲವಿದೆಯೆಂಬುದು ಚೀನಾದಿಂದ ಬಂದ ನಂಬಿಕೆ. ಆ ದಿನಗಳಂದು ಸಾಮಂತರೆಲ್ಲ ಕೋಟೆಗೆ ಹೋಗಿ ಶೋಗನನಿಗೆ ನಮಸ್ಕರಿಸಬೇಕಿತ್ತು. ಅಂದರೆ ಕೋಟೆಯೊಳಗೆ ಇವು ರಾಜಭಕ್ತಿಯ ದಿನಗಳು. ಕೋಟೆಯ ಹೊರಗೆ, ಬೀದಿಯ ಜನ ಇವುಗಳಲ್ಲಿ ಮೂರನ್ನು ನಿಧಾನವಾಗಿ ಮಕ್ಕಳ ಕೈಗೆ ಕೊಟ್ಟರು.

ಇಲ್ಲಿ ಒಂದು ವಿಷಯ ಕನ್ನಡದ ಓದುಗರಿಗೆ ಸುಲಭವಾಗಿ ತಿಳಿಯುತ್ತದೆ. ಆಗಿನ ಜಪಾನಿನ ಪಂಚಾಂಗ ನಮ್ಮದರಂತೆಯೇ ಚಾಂದ್ರಮಾನದ ತಿಂಗಳುಗಳದು, ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬರುವಂಥದು. ಮೂರರ ಮೂರು ಎಂದರೆ ಹೆಚ್ಚುಕಡಿಮೆ ನಮ್ಮ ಚೈತ್ರ ಶುದ್ಧ ತದಿಗೆ. ಪೀಚ್ ಮರ ಹೂಬಿಡುವ ಕಾಲ, ಹಬ್ಬದ ಇನ್ನೊಂದು ಹೆಸರೇ ಪೀಚ್ ಹಬ್ಬ. ಐದರ ಐದು ಜ್ಯೇಷ್ಠದ ಪಂಚಮಿಯ ಹತ್ತಿರ, ಅವರ ಮಳೆಗಾಲದಲ್ಲಿ. ಏಳರ ಏಳು ಶ್ರಾವಣದ ಸಪ್ತಮಿಯ ಹತ್ತಿರ, ಅವರಿಗೆ ಶರತ್ತಿನ ಮೊದಲ ದಿನಗಳು. ಪ್ರತಿ ಹಬ್ಬಕ್ಕೂ ಒಂದು ಗಿಡ, ಒಂದು ಆಕಾಶ, ಒಂದು ಕಾಯಿಲೆಯ ಕಾಲವಿತ್ತು.

ಮೊದಲು ಮೂರರ ಮೂರು. ಇದರ ಬೇರು ಗೊಂಬೆ ಜೋಡಿಸುವುದರಲ್ಲಿಲ್ಲ, ಬಿಸಾಡುವುದರಲ್ಲಿದೆ. ಕಾಗದದ ಆಕೃತಿಯೊಂದನ್ನು ಮೈಗೆ ಸವರಿ, ಮೈಯ ಕೇಡನ್ನು ಅದಕ್ಕೆ ದಾಟಿಸಿ, ಹೊಳೆಗೆ ಬಿಡುವ ಆಚರಣೆ ಬಹಳ ಹಳೆಯದು. ನಿವಾಳಿಸಿ ಎಸೆಯುವುದು ಎಂದರೆ ನಮಗೆ ಅರ್ಥವಾಗುತ್ತದೆ. ಹಾಗೆ ತೇಲಿಬಿಡುತ್ತಿದ್ದ ಕಾಗದದ ಗೊಂಬೆ ಮತ್ತು ಶ್ರೀಮಂತ ಮನೆಯ ಹುಡುಗಿಯರ ಆಟದ ಗೊಂಬೆ ಎರಡೂ ಕಾಲಕ್ರಮದಲ್ಲಿ ಕೂಡಿಕೊಂಡವು. ಗೊಂಬೆ ಬೆಲೆಬಾಳುವಂಥದಾದಂತೆ ಅದನ್ನು ಹೊಳೆಗೆ ಬಿಡಲು ಯಾರಿಗೆ ಮನಸ್ಸು ಬಂದೀತು? ಅದು ಮನೆಯೊಳಗೆ ಮೆಟ್ಟಿಲೇರಿ ಕೂತಿತು. ನಿಹೊಂಬಾಶಿ ಬಡಾವಣೆಯ ಜಿಕ್ಕೆನ್‌ದಾನ ಎಂಬ ಬೀದಿ ಗೊಂಬೆ ಸಂತೆಗೆ ಹೆಸರಾಯಿತು. ಮೂರನೆಯ ತಿಂಗಳಿಗೆ ಮುಂಚೆ ರಾಜ ರಾಣಿಯರ ಗೊಂಬೆ, ಐದನೆಯ ತಿಂಗಳಿಗೆ ಮುಂಚೆ ಅದೇ ಬೀದಿಯಲ್ಲಿ ಶಿರಸ್ತ್ರಾಣ, ಯೋಧರ ಗೊಂಬೆ. 1830ರ ದಶಕದಲ್ಲಿ ಅಚ್ಚಾದ ಎದೊ ನಗರದ ಸಚಿತ್ರ ಕೈಪಿಡಿಯಲ್ಲಿ ಈ ಸಂತೆಯ ನೂಕುನುಗ್ಗಲನ್ನು ಇವತ್ತಿಗೂ ನೋಡಬಹುದು.

ವ್ಯಾಪಾರ ಬೆಳೆದಂತೆ ಸರ್ಕಾರದ ಹುಬ್ಬು ಗಂಟಿಕ್ಕಿತು. ವರ್ತಕರ ಹೆಣ್ಣುಮಕ್ಕಳು ಸಾಮಂತರ ಮಕ್ಕಳಿಗಿಂತ ದೊಡ್ಡ ಗೊಂಬೆ ಇಟ್ಟರೆ ಸಮಾಜದ ಮೆಟ್ಟಿಲುಗಳ ಗತಿ ಏನು? 1721ರಲ್ಲಿ, ಎಂಟನೆಯ ಶೋಗನ್ ಯೋಶಿಮುನೆಯ ಮಿತವ್ಯಯದ ಕಾಲದಲ್ಲಿ, ಎಂಟು ಸುನ್‌ಗಿಂತ, ಅಂದರೆ ಸುಮಾರು 24 ಸೆಂಟಿಮೀಟರಿಗಿಂತ, ಎತ್ತರದ ಗೊಂಬೆ ಮಾಡಬಾರದೆಂದು ಆಜ್ಞೆಯಾಯಿತು. ಶತಮಾನದ ಕೊನೆಯ ಹೊತ್ತಿಗೆ ಇಂಥ ಕಟ್ಟುಗಳು ಮತ್ತೆ ಬಿಗಿಯಾದವು. ಕುಶಲಕರ್ಮಿಗಳು ಆಜ್ಞೆಯನ್ನು ಚಾಚೂತಪ್ಪದೆ ಪಾಲಿಸಿದರು. ಎಷ್ಟರಮಟ್ಟಿಗೆ ಎಂದರೆ ಗೊಂಬೆಗಳು ಬೆರಳುದ್ದಕ್ಕೆ ಇಳಿದವು. ಅವಕ್ಕೆ ‘ಗಸಗಸೆ ಗೊಂಬೆ’ ಎಂಬ ಹೆಸರೇ ಬಂತು. ಉಗುರಿನಷ್ಟು ಅರಗಿನ ಪೆಟ್ಟಿಗೆ, ಸಾಸಿವೆಯಷ್ಟು ಬಟ್ಟಲು. ಅಷ್ಟು ಚಿಕ್ಕದರಲ್ಲಿ ಅಷ್ಟು ನಾಜೂಕು ಕೆಲಸ ಮಾಡಿದ್ದರಿಂದ ಬೆಲೆ ಇನ್ನಷ್ಟು ಏರಿತು. ಕಾನೂನು ಗೆದ್ದಿತು, ಸಂತೆಯೂ ಗೆದ್ದಿತು. ಎದೊ ನಗರದ ಸ್ವಭಾವ ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಐದರ ಐದರ ಕಥೆ ಬೇರೆ. ಮಳೆಗಾಲ, ಸೆಕೆ, ಕಾಯಿಲೆ ಹರಡುವ ದಿನಗಳು. ಘಾಟು ವಾಸನೆಯ ಬಜೆಯ ಎಲೆಯನ್ನು ಸೂರಿಗೆ ಸಿಕ್ಕಿಸುವುದು, ಸ್ನಾನದ ನೀರಿಗೆ ಹಾಕುವುದು ಕೇಡನ್ನು ಓಡಿಸಲು. ಇದಕ್ಕೆ ಯೋಧರ ವರ್ಗ ಇನ್ನೊಂದು ಅರ್ಥ ಸೇರಿಸಿತು. ‘ಶೋಬು’ ಎಂಬ ಉಚ್ಚಾರಣೆಯನ್ನೇ ಬೇರೆ ಲಿಪಿಚಿಹ್ನೆಗಳಲ್ಲಿ ಬರೆದರೆ ‘ಶೌರ್ಯವನ್ನು ಗೌರವಿಸು’ ಎಂದಾಗುತ್ತದೆ. ಎಲೆಯೂ ಕತ್ತಿಯ ಆಕಾರದ್ದು. ಹೀಗೆ ಹಬ್ಬ ಗಂಡುಮಕ್ಕಳದಾಯಿತು. ಸಮುರಾಯ್ ಮನೆಗಳ ಮುಂದೆ ವಂಶಲಾಂಛನದ ಬಾವುಟಗಳು ಎದ್ದವು. ಪೇಟೆಯ ಜನ ಮೀನನ್ನು ಏರಿಸಿದರು. ಹಳದಿ ನದಿಯ ಜಲಪಾತವನ್ನು ಹತ್ತಿದ ಕೊಯ್ ಮೀನು ಡ್ರ್ಯಾಗನ್ ಆಯಿತೆಂಬ ಚೀನಾದ ಕಥೆ ಅವರ ಆಸೆಗೆ ಹೇಳಿಮಾಡಿಸಿದಂತಿತ್ತು. ಹುಟ್ಟಿನಿಂದ ಮೇಲೇರಲಾಗದವನು ಈಜಿಯಾದರೂ ಏರಬಹುದು! ಮಳೆಗಾಲದ ಗಾಳಿಯಲ್ಲಿ ಕಾಗದದ ಮೀನುಗಳು ಬಾಯಿ ತೆರೆದು ಹೊಟ್ಟೆ ತುಂಬಿಸಿಕೊಂಡು ಎದುರೀಜಿದವು.

ಉತಾಗಾವಾ ಹಿರೋಶಿಗೆ ಎಂಬ ಚಿತ್ರಕಾರ 1857ರಲ್ಲಿ ಅಚ್ಚು ಹಾಕಿಸಿದ ಎದೊ ನಗರದ ದೃಶ್ಯಮಾಲೆಯಲ್ಲಿ ಸುಯ್‌ದೊಬಾಶಿ ಸೇತುವೆಯ ಬಳಿಯ ಚಿತ್ರವೊಂದಿದೆ. ಅರ್ಧ ಹಾಳೆಯನ್ನೇ ಆಕ್ರಮಿಸಿದ ದೈತ್ಯ ಕಪ್ಪು ಮೀನು, ಅದರ ಹಿಂದೆ ಸಮುರಾಯ್ ಬಡಾವಣೆಯ ಸಣ್ಣ ಬಾವುಟಗಳು, ದೂರದಲ್ಲಿ ಫ್ಯೂಜಿ ಬೆಟ್ಟ. ಮೀನು ಪೇಟೆಯವರದು. ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಚಿತ್ರಕಾರ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಆ ಕಾಲದ ಬಾವುಟಗಳ ಮೇಲೆ ಮತ್ತೊಂದು ಮುಖವೂ ಸಿಗುತ್ತದೆ. ಗಡ್ಡದ, ಕೆಂಗಣ್ಣಿನ, ಕತ್ತಿ ಹಿಡಿದ ಶೋಕಿ. ಚೀನಾದಿಂದ ಬಂದ, ಪಿಶಾಚಿಗಳನ್ನು ಹೊಡೆಯುವ ದೈವ. ಇದೇ ಶೋಕಿ ಸಂಪೂರ್ಣ ಕೆಂಪು ಬಣ್ಣದಲ್ಲಿ ಅಚ್ಚಾದ ಅಗ್ಗದ ಚಿತ್ರಗಳಲ್ಲೂ ಬರುತ್ತಾನೆ. ಸಿಡುಬು ಬಂದ ಮಗುವಿನ ಹಾಸಿಗೆಯ ಬಳಿ ಆ ಕೆಂಪು ಚಿತ್ರಗಳನ್ನು ಇಡುತ್ತಿದ್ದರು. ಸಿಡುಬನ್ನು ದೈವವೆಂದು ಕಂಡು ಹೆದರಿ, ಪೂಜಿಸಿ, ಕಳಿಸಿಕೊಟ್ಟವರು ನಾವಷ್ಟೇ ಅಲ್ಲ. ಎದೊದಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದ ಕಾಯಿಲೆಗಳಲ್ಲಿ ಅದು ಮುಂದಿನ ಸಾಲಿನದು. ಹಿರೋಶಿಗೆಯ ಮೀನು ಅಚ್ಚಾದ ಮರುವರ್ಷ, 1858ರಲ್ಲಿ, ಆ ಸೇತುವೆಯಿಂದ ಹೆಚ್ಚು ದೂರವಿಲ್ಲದ ಕಾಂದಾ ಬಡಾವಣೆಯ ಒತಾಮಾಗಾಯ್ಕೆ ಎಂಬಲ್ಲಿ ಡಚ್ ವೈದ್ಯ ಕಲಿತ ಎಂಬತ್ತಕ್ಕೂ ಹೆಚ್ಚು ವೈದ್ಯರು ತಾವೇ ಹಣ ಹಾಕಿ ಸಿಡುಬು ಲಸಿಕೆಯ ಮನೆ ತೆರೆದರು. ಟೋಕಿಯೊ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ತನ್ನ ಮೂಲವನ್ನು ಗುರುತಿಸುವುದು ಅಲ್ಲಿಂದ. ಮೀನಿನ ಬಾವುಟ, ಕೆಂಪು ಚಿತ್ರ, ಲಸಿಕೆಯ ಸೂಜಿ, ಮೂರೂ ಒಂದೇ ನಗರದಲ್ಲಿ ಒಂದೇ ಭಯಕ್ಕೆ ಹುಡುಕಿಕೊಂಡ ಉತ್ತರಗಳು.

ಆ ಭಯ ಇನ್ನೂ ಬಿಚ್ಚಾಗಿ ಕಾಣುವುದು ನವೆಂಬರಿನ ಹಬ್ಬದಲ್ಲಿ. ಶಿಚಿ-ಗೊ-ಸಾನ್ ಎಂದರೆ ಏಳು-ಐದು-ಮೂರು. ಅದು ಶೋಗನರ ಐದು ಹಬ್ಬಗಳ ಪಟ್ಟಿಯಲ್ಲಿರಲಿಲ್ಲ, ಮನೆಮನೆಯ ಆಚರಣೆ. ಮೂರು ವರ್ಷಕ್ಕೆ ಕೂದಲು ಬಿಡುವುದು, ಐದಕ್ಕೆ ಗಂಡುಮಗುವಿಗೆ ಹಕಾಮಾ ಎಂಬ ಕೆಳ ಉಡುಪು ತೊಡಿಸುವುದು, ಏಳಕ್ಕೆ ಹೆಣ್ಣುಮಗುವಿನ ಬಟ್ಟೆಯ ಕಟ್ಟುದಾರ ತೆಗೆದು ದೊಡ್ಡವರ ಸೊಂಟಪಟ್ಟಿ ಸುತ್ತುವುದು. ನಂತರ ದೇವಸ್ಥಾನಕ್ಕೆ ಹೋಗಿ ಬರುವುದು. ಕೈಯಲ್ಲಿ ‘ಸಾವಿರ ವರ್ಷದ ಮಿಠಾಯಿ’, ಎಳೆದಷ್ಟೂ ಉದ್ದವಾಗುವ ಬಿಳಿ, ಕೆಂಪು ಕಡ್ಡಿಗಳು. ಆಯುಸ್ಸೂ ಹಾಗೆ ಉದ್ದವಾಗಲಿ ಎಂದು. ನವೆಂಬರ್ 15 ಎಂಬ ದಿನ ನಿಂತದ್ದು ಐದನೆಯ ಶೋಗನ್ ತ್ಸುನಾಯೋಶಿ 1681ರಲ್ಲಿ ಮಗ ತೊಕುಮಾತ್ಸುವಿಗೆ ಹನ್ನೊಂದನೆಯ ತಿಂಗಳ 15ರಂದು ಮೂರು ವರ್ಷದ ಶಾಸ್ತ್ರ ಮಾಡಿಸಿದ್ದರಿಂದ ಎಂಬುದು ಪ್ರಚಲಿತ ವಿವರಣೆ. ಆ ಹುಡುಗ 1683ರಲ್ಲಿ, ಅವರ ಲೆಕ್ಕದಲ್ಲಿ ಐದನೆಯ ವರ್ಷದಲ್ಲಿ, ತೀರಿಕೊಂಡ. ತ್ಸುನಾಯೋಶಿಗೆ ಬೇರೆ ಗಂಡುಮಗು ಉಳಿಯಲಿಲ್ಲ. ನಾಯಿಗಳನ್ನು ಕೊಲ್ಲಬಾರದೆಂಬ ಆಜ್ಞೆಗಳಿಂದ ‘ನಾಯಿ ಶೋಗನ್’ ಎಂದು ನಗೆಪಾಟಲಾದ ಇವನದೇ ಆಜ್ಞೆಗಳಲ್ಲಿ ಬೀದಿಗೆ ಬಿಟ್ಟ ಹಸುಳೆಗಳನ್ನು ಊರವರು ಕಾಪಾಡಬೇಕೆಂಬುದೂ ಇತ್ತು ಎನ್ನುವುದನ್ನು ನಗುವವರು ಮರೆಯುತ್ತಾರೆ.

ಏಳು ವರ್ಷದವರೆಗೆ ಮಗು ದೇವರ ಪಾಲಿನದು ಎಂಬ ಅರ್ಥದ ಗಾದೆಯೊಂದು ಜಪಾನಿನಲ್ಲಿದೆ. ನನ್ನ ಪ್ರಬಂಧದ ಒಂದು ಅಧ್ಯಾಯದ ಮೊದಲ ಕರಡು ಆ ಗಾದೆಯಿಂದಲೇ ಆರಂಭವಾಗಿತ್ತು. ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾವ ಕಾಲದ ದಾಖಲೆ?’ ಎಂದಷ್ಟೇ ಬರೆದು ವಾಪಸು ಕೊಟ್ಟರು. ಹುಡುಕುತ್ತಾ ಹೋದಾಗ ತಿಳಿದದ್ದು: ಆ ಮಾತನ್ನು ಪ್ರಸಿದ್ಧಗೊಳಿಸಿದವರು 20ನೇ ಶತಮಾನದ ಜಾನಪದ ಸಂಗ್ರಾಹಕರು. ಅದನ್ನು ಇಡೀ ಹಳೆಯ ಜಪಾನಿನ ನಂಬಿಕೆಯೆಂದು ಹಿಂದಕ್ಕೆ ಎಳೆಯುವುದನ್ನು ಇತ್ತೀಚಿನ ಇತಿಹಾಸಕಾರರು ಬಲವಾಗಿ ಪ್ರಶ್ನಿಸಿದ್ದಾರೆ. ವಾಕ್ಯ ಹೊಡೆದುಹಾಕಿದೆ. ಸಾವುಗಳನ್ನು ಹೊಡೆದುಹಾಕಲು ಆಗುವುದಿಲ್ಲ. ಬೌದ್ಧ ದೇವಾಲಯಗಳ ಮರಣಪಟ್ಟಿಗಳಲ್ಲಿ ಸತ್ತವರಿಗೆ ಕೊಟ್ಟ ಹೊಸ ಹೆಸರಿನ ಕೊನೆಯಲ್ಲಿ ಬಾಲಕ, ಬಾಲಕಿ ಎಂಬ ಅರ್ಥದ ಅಕ್ಷರಗಳಿರುತ್ತವೆ. ಬೆರಳಿಟ್ಟು ಎಣಿಸುತ್ತಾ ಹೋದರೆ ಅವು ಮತ್ತೆ ಮತ್ತೆ ಸಿಗುತ್ತವೆ. ಮಗು ದೇವರದೆಂದು ಅವರು ಸಮಾಧಾನ ಮಾಡಿಕೊಂಡರೋ ಇಲ್ಲವೋ, ನಮ್ಮದಾಗಿಯೇ ಉಳಿಯಲಿ ಎಂದು ಮಿಠಾಯಿ ಕೊಡಿಸಿದ್ದಂತೂ ನಿಜ.

ಇನ್ನು ಏಳರ ಏಳು, ತನಾಬಾತಾ. ಆಕಾಶಗಂಗೆಯ ಎರಡು ದಡದಲ್ಲಿ ಬೇರೆಯಾಗಿರುವ ನೇಕಾರ ಹುಡುಗಿ ಮತ್ತು ದನಗಾಹಿ ವರ್ಷಕ್ಕೊಮ್ಮೆ ಕೂಡುವ ರಾತ್ರಿ. ಆ ಎರಡು ನಕ್ಷತ್ರಗಳಿಗೆ ನಮ್ಮಲ್ಲೂ ಹೆಸರಿದೆ: ಅಭಿಜಿತ್ ಮತ್ತು ಶ್ರವಣ. ಎದೊದಲ್ಲಿ ಇದು ಅಕ್ಷರ ಕಲಿಯುವ ಮಕ್ಕಳ ಹಬ್ಬವಾಯಿತು. ಬೆಳಗ್ಗೆ ಕೆಸುವಿನ ಎಲೆಯ ಮೇಲಿನ ಇಬ್ಬನಿಯನ್ನು ಕೂಡಿಸಿ ತಂದು, ಅದರಲ್ಲಿ ಮಸಿ ತೇದು, ಕೈಬರಹ ದುಂಡಗಾಗಲಿ ಎಂದು ಚೀಟಿ ಬರೆದು ಬಿದಿರಿಗೆ ಕಟ್ಟುತ್ತಿದ್ದರು. ಹಿರೋಶಿಗೆ ಇದನ್ನೂ ಬಿಡಿಸಿದ್ದಾನೆ. ಊರಿನ ಮಾಡುಗಳ ಮೇಲೆಲ್ಲ ಬಿದಿರು ತೂಗಾಡುತ್ತಿದೆ, ಅದರಲ್ಲಿ ಚೀಟಿಗಳ ಜೊತೆ ಮಣಿಚೌಕಟ್ಟು, ಲೆಕ್ಕದ ಪುಸ್ತಕ, ಕಲ್ಲಂಗಡಿ ಹೋಳಿನ ಆಕಾರದ ಕಾಗದಗಳು. ಅಂಗಡಿಕಾರರ ಊರಿನ ಮಕ್ಕಳು ನಕ್ಷತ್ರಗಳನ್ನು ಬೇಡಿಕೊಂಡದ್ದು ಲೆಕ್ಕ ತಪ್ಪದಿರಲಿ ಎಂದೂ ಇರಬೇಕು.

ಇಷ್ಟೆಲ್ಲ ಒಂದೇ ಪೆಟ್ಟಿಗೆ ಅಡಿಮೇಲಾಯಿತು. 1868ರಲ್ಲಿ ಶೋಗನರ ಆಳ್ವಿಕೆ ಮುಗಿದು ಎದೊ ಟೋಕಿಯೊ ಆಗಿತ್ತು. 1872ರ ಕೊನೆಯಲ್ಲಿ ಹೊಸ ಮೇಯ್ಜಿ ಸರ್ಕಾರ ಪಂಚಾಂಗವನ್ನೇ ಬದಲಿಸಿತು. ಹಳೆಯ ಲೆಕ್ಕದ ಹನ್ನೆರಡನೆಯ ತಿಂಗಳ ಎರಡನೆಯ ದಿನದ ಮರುದಿನವೇ 1873ರ ಜನವರಿ 1. ಜನರಿಗೆ ಸಿಕ್ಕ ಮುನ್ಸೂಚನೆ ಒಂದು ತಿಂಗಳೂ ಇಲ್ಲ. ಪಾಶ್ಚಾತ್ಯ ದೇಶಗಳ ಸಾಲಿಗೆ ಸೇರುವ ಆಸೆ ಒಂದು ಕಾರಣ. ಇನ್ನೊಂದನ್ನು ಆಗಿನ ಪ್ರಮುಖ ನಾಯಕ ಒಕುಮಾ ಶಿಗೆನೊಬು ಮುಂದೆ ಬಿಚ್ಚಿ ಹೇಳಿದ. ಮುಂದಿನ ವರ್ಷದಲ್ಲಿ ಅಧಿಕ ಮಾಸವಿತ್ತು, ಖಾಲಿ ಖಜಾನೆಯಿಂದ ನೌಕರರಿಗೆ ಹದಿಮೂರು ಸಂಬಳ ಕೊಡಬೇಕಿತ್ತು. ಪಂಚಾಂಗ ಬದಲಾದರೆ ಆ ತಿಂಗಳು ಮಾಯ. ಅದೇ ಜನವರಿಯಲ್ಲಿ ಐದು ಹಬ್ಬಗಳ ಪಟ್ಟಿಯೂ ರದ್ದಾಯಿತು. ಬದಲಿಗೆ ಚಕ್ರವರ್ತಿಯ ಹುಟ್ಟುಹಬ್ಬ ಮತ್ತು ಪುರಾಣದ ಮೊದಲ ಚಕ್ರವರ್ತಿಯ ಪಟ್ಟಾಭಿಷೇಕದ ದಿನ ಬಂದವು.

ಹಬ್ಬ ಬಿಡಲೊಲ್ಲದ ಜನ ಹಳೆಯ ಅಂಕಿಗಳನ್ನು ಹೊಸ ಕ್ಯಾಲೆಂಡರಿಗೆ ಹಾಗೇ ಅಂಟಿಸಿಕೊಂಡರು. ಮೂರರ ಮೂರು ಮಾರ್ಚ್ 3 ಆಯಿತು. ಟೋಕಿಯೊದಲ್ಲಿ ಆಗ ಪೀಚ್ ಅರಳಿರುವುದಿಲ್ಲ, ಹೂವಿನಂಗಡಿಯವರು ಬೆಚ್ಚಗಿನ ಮನೆಯಲ್ಲಿಟ್ಟು ಅರಳಿಸಿದ ಕೊಂಬೆ ಮಾರುತ್ತಾರೆ. ಏಳರ ಏಳು ಜುಲೈ 7 ಆಗಿ ಮಳೆಗಾಲದ ನಡುವೆ ಬಿತ್ತು. ಶ್ರವಣ, ಅಭಿಜಿತ್ ಮೋಡದ ಹಿಂದೆ. ಹಳೆಯ ಲೆಕ್ಕದಲ್ಲಿ ಅಂದು ಯಾವಾಗಲೂ ಸಪ್ತಮಿಯ ಅರ್ಧಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗಿ ಆಕಾಶಗಂಗೆಗೆ ಕತ್ತಲು ಬಿಟ್ಟುಕೊಡುತ್ತಿದ್ದ. ಈಗ ಚಂದ್ರ ಹೇಗಾದರೂ ಇರಬಹುದು. ಅದಕ್ಕೇ ಕೆಲವರು ಒಂದು ತಿಂಗಳು ಮುಂದೆ ಹಾಕಿಕೊಂಡರು. ಟೋಕಿಯೊದ ಅಸಾಗಾಯಾ ಬಡಾವಣೆಯ ಅಂಗಡಿಬೀದಿ 1954ರಲ್ಲಿ ಆರಂಭಿಸಿದ ತನಾಬಾತಾ ನಡೆಯುವುದು ಆಗಸ್ಟಿನಲ್ಲೇ. ಮೀನಿಗೆ ಮಾತ್ರ ಲಾಭವಾಯಿತು. ಮಳೆಯಿಂದ ಪಾರಾಗಿ ಮೇ ತಿಂಗಳ ನಿರ್ಮಲ ನೀಲಿಗೆ ಬಂತು. ಇಂದು ಎಲ್ಲ ಚಿತ್ರಗಳಲ್ಲಿ ಕಾಣುವ ಆ ನೀಲಿ ಆಕಾಶ ಕ್ಯಾಲೆಂಡರ್ ಬದಲಾದದ್ದರ ಫಲ.

ಅಳಿದ ಹಬ್ಬಗಳಿಗೆ ಅಂಗಡಿಗಳು ಹೊಸ ಮೆಟ್ಟಿಲು ಕಟ್ಟಿಕೊಟ್ಟವು. ಹಳೆಯ ಗೊಂಬೆ ಸಂತೆಯ ಹತ್ತಿರದಲ್ಲೇ ನಿಹೊಂಬಾಶಿಯ ಮಿತ್ಸುಕೋಶಿ 20ನೇ ಶತಮಾನದ ಆರಂಭದಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ಆಯಿತು. 1909ರಲ್ಲಿ ಅಲ್ಲಿ ಮಕ್ಕಳಿಗಾಗಿಯೇ ಒಂದು ವಸ್ತುಪ್ರದರ್ಶನ ನಡೆಯಿತು. ‘ಮಗು’ ಎಂಬ ಹೊಸ ಗಿರಾಕಿ ಹುಟ್ಟಿದ್ದ. ನವೆಂಬರಿನ ಕಿಮೊನೊ, ಮಾರ್ಚಿನ ಗೊಂಬೆ, ಮೇ ತಿಂಗಳ ಶಿರಸ್ತ್ರಾಣ ಎಲ್ಲವೂ ಮಧ್ಯಮವರ್ಗದ ಮನೆಯ ಕರ್ತವ್ಯವಾದವು.

ಅಂಗಡಿಯ ಹಿಂದೆಯೇ ದೇಶವೂ ಬಂದು ನಿಂತಿತು. 1927ರ ಮಾರ್ಚ್ 3ರಂದು ಟೋಕಿಯೊದಲ್ಲಿ ಒಂದು ವಿಶೇಷ ಗೊಂಬೆ ಹಬ್ಬ ನಡೆಯಿತು. ಜಪಾನೀಯರ ವಲಸೆಯನ್ನು ತಡೆದ ಅಮೆರಿಕದ 1924ರ ಕಾನೂನಿನ ಕಹಿಯನ್ನು ಕಡಿಮೆ ಮಾಡಲು ಸಿಡ್ನಿ ಗ್ಯೂಲಿಕ್ ಎಂಬ ಪಾದ್ರಿಯ ಪ್ರಯತ್ನದಿಂದ ಅಲ್ಲಿನ ಮಕ್ಕಳು ಹನ್ನೆರಡು ಸಾವಿರಕ್ಕೂ ಹೆಚ್ಚು ಗೊಂಬೆಗಳನ್ನು ಜಪಾನಿನ ಶಾಲೆಗಳಿಗೆ ಕಳಿಸಿದ್ದರು. ಉದ್ಯಮಿ ಶಿಬುಸಾವಾ ಎಯ್‌ಇಚಿ ಅವನ್ನು ಬರಮಾಡಿಕೊಂಡರು. ಆ ವರ್ಷವೇ ಜಪಾನ್ ಕಿಮೊನೊ ತೊಟ್ಟ 58 ಗೊಂಬೆಗಳನ್ನು ಮರಳಿ ಕಳಿಸಿತು. ಹದಿನಾರು ವರ್ಷಗಳ ನಂತರ, ಯುದ್ಧದ ನಡುವೆ, ಆ ನೀಲಿಕಣ್ಣಿನ ಗೊಂಬೆಗಳು ಶತ್ರುಗಳಾದವು. ಬಹುಪಾಲನ್ನು ಸುಟ್ಟರು, ಬಿದಿರಿನ ಈಟಿಯಿಂದ ತಿವಿದರು. ಕೆಲವು ಶಿಕ್ಷಕರು ಬೀರುಗಳ ಹಿಂದೆ ಬಚ್ಚಿಟ್ಟದ್ದರಿಂದ ಸುಮಾರು ಮುನ್ನೂರು ಉಳಿದವು. ಮೇ 5ರ ಗೊಂಬೆಗಳ ಸಾಲಿನಲ್ಲಿ ನಿಲ್ಲುತ್ತಿದ್ದ ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗ ಮೊಮೊತಾರೊ 1943ರ ಕಾರ್ಟೂನ್ ಚಿತ್ರವೊಂದರಲ್ಲಿ ಪರ್ಲ್ ಹಾರ್ಬರ್ ದಾಳಿಯ ನಾಯಕನಾದ.

1944ರಲ್ಲಿ ಟೋಕಿಯೊದ ಶಾಲಾಮಕ್ಕಳನ್ನು ಬಾಂಬುಗಳಿಂದ ದೂರ ಹಳ್ಳಿಗಳಿಗೆ ಸಾಗಿಸಿದರು. ಆರನೆಯ ತರಗತಿಯ ಮಕ್ಕಳು ಶಾಲೆ ಮುಗಿಸಿ ಬೀಳ್ಕೊಡುವ ಸಮಾರಂಭಕ್ಕೆಂದು 1945ರ ಮಾರ್ಚ್ ಆರಂಭದಲ್ಲಿ ಊರಿಗೆ ಮರಳಿದರು. ಮಾರ್ಚ್ 10ರ ನಸುಕಿನಲ್ಲಿ ಅಮೆರಿಕದ ವಿಮಾನಗಳು ಸುಮಿದಾ ನದಿಯ ಎರಡೂ ದಡದ ಬಡಾವಣೆಗಳನ್ನು ಸುಟ್ಟವು. ಸುಮಾರು ಒಂದು ಲಕ್ಷ ಜನ ಸತ್ತರು, ಮರಳಿದ್ದ ಎಷ್ಟೋ ಮಕ್ಕಳೂ. ಗೊಂಬೆ ಹಬ್ಬ ಮುಗಿದು ಒಂದು ವಾರವಾಗಿತ್ತು. ಕೇಡನ್ನು ಕಾಗದಕ್ಕೆ ದಾಟಿಸಿ ಹೊಳೆಗೆ ಬಿಡುವ ಆಚರಣೆಯ ಬಗ್ಗೆ ಬರೆಯುವಾಗಲೆಲ್ಲ ನನಗೆ ಈ ಹೊಳೆ ನೆನಪಾಗುತ್ತದೆ.

1948ರ ಜುಲೈನಲ್ಲಿ ಹೊಸ ರಜಾದಿನಗಳ ಕಾನೂನು ಬಂದಾಗ ಮೇ 5 ‘ಮಕ್ಕಳ ದಿನ’ವಾಯಿತು. ಹುಡುಗರ ಹಬ್ಬದ ದಿನವನ್ನೇ ಎಲ್ಲ ಮಕ್ಕಳಿಗೂ ಕೊಟ್ಟರು. ಹುಡುಗಿಯರ ಮಾರ್ಚ್ 3ಕ್ಕೆ ರಜೆ ಸಿಗಲಿಲ್ಲ, ಇವತ್ತಿಗೂ ಇಲ್ಲ. ಆದರೆ ಕಾನೂನಿನ ಮಾತು ಗಮನಾರ್ಹ. ಮಗುವಿನ ವ್ಯಕ್ತಿತ್ವವನ್ನು ಗೌರವಿಸುವುದು, ಅದರ ಸುಖವನ್ನು ನೋಡುವುದು, ಜೊತೆಗೆ ತಾಯಿಗೆ ಕೃತಜ್ಞರಾಗುವುದು ಎಂದು ಆ ದಿನದ ಉದ್ದೇಶವನ್ನು ಅದು ಹೇಳುತ್ತದೆ. 1931ರಲ್ಲಿ ಅಚ್ಚಾದ, ಈಗಲೂ ಪ್ರತಿ ಮಗುವಿಗೆ ಬಾಯಿಪಾಠವಾಗಿರುವ ಮೀನಿನ ಹಾಡಿನಲ್ಲಿ ದೊಡ್ಡ ಕಪ್ಪು ಮೀನು ಅಪ್ಪ, ಸಣ್ಣ ಕೆಂಪು ಮೀನುಗಳು ಮಕ್ಕಳು. ಅಮ್ಮನೇ ಇಲ್ಲ. ಹಾಡಿನಲ್ಲಿ ಸಿಗದ ಜಾಗ ಅವಳಿಗೆ ಕಾನೂನಿನಲ್ಲಿ ಸಿಕ್ಕಿತು. ಈಗ ಕಂಬದ ಮೇಲಿನ ಎರಡನೆಯ ಮೀನನ್ನು ಎಲ್ಲರೂ ಅಮ್ಮ ಎನ್ನುತ್ತಾರೆ.

ವ್ಯಕ್ತಿತ್ವವಿದೆ ಎಂದು ಕಾನೂನು ಒಪ್ಪಿದ ಮೇಲೆ ಮಕ್ಕಳು ಕೇಳಿದ್ದೇನು? ಆನೆ. ಉಯೆನೊ ಮೃಗಾಲಯದ ಮೂರು ಆನೆಗಳನ್ನು 1943ರಲ್ಲಿ ನಗರಾಡಳಿತದ ಆಜ್ಞೆಯಂತೆ ಉಪವಾಸ ಕೆಡವಿ ಕೊಂದಿದ್ದರು. 1949ರಲ್ಲಿ ಅಲ್ಲಿನ ತಾಯ್ತೊ ವಾರ್ಡಿನ ‘ಮಕ್ಕಳ ಸಭೆ’ ನಗೋಯಾ ನಗರದಲ್ಲಿ ಬದುಕುಳಿದಿದ್ದ ಎರಡು ಆನೆಗಳಲ್ಲಿ ಒಂದನ್ನು ಕೊಡಿ ಎಂದು ಕೇಳಿತು. ಅವೆರಡನ್ನು ಅಗಲಿಸಲಾಗದೆ, ಮಕ್ಕಳನ್ನೇ ನಗೋಯಾಕ್ಕೆ ಕರೆದೊಯ್ಯುವ ‘ಆನೆ ರೈಲು’ ಓಡಿಸಿದರು. ಟೋಕಿಯೊದ ಮಕ್ಕಳ ಕಾಗದಗಳು ಕೊನೆಗೆ ಜವಾಹರಲಾಲ್ ನೆಹರೂ ಅವರನ್ನು ಮುಟ್ಟಿದವು. ಅವರು ಕಳಿಸಿದ, ಮಗಳ ಹೆಸರಿಟ್ಟ ಆನೆ ‘ಇಂದಿರಾ’ ಹೋದದ್ದು ನಮ್ಮ ಮೈಸೂರು ಸೀಮೆಯಿಂದ. 1949ರ ಸೆಪ್ಟೆಂಬರಿನಲ್ಲಿ ಅದು ಟೋಕಿಯೊ ತಲುಪಿತು. ಜೊತೆಗೆ ಹೋದ ಮಾವುತರಿಂದ ಉಯೆನೊದ ಸಿಬ್ಬಂದಿ ಅದಕ್ಕೆ ತಿಳಿಯುವ ಮಾತುಗಳನ್ನು ಕಲಿತುಕೊಳ್ಳಬೇಕಾಯಿತು. ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟ ಉಡುಗೊರೆ ಎಂದು ನೆಹರೂ ಬರೆದರು. ಇಂದಿರಾ 1983ರವರೆಗೆ ಬದುಕಿತ್ತು.

ಈಗ ಪ್ರತಿ ವರ್ಷ ಟೋಕಿಯೊ ಟವರಿನ ಬುಡದಲ್ಲಿ 333 ಮೀನುಗಳು ಹಾರುತ್ತವೆ, ಗೋಪುರದ ಎತ್ತರದ ಮೀಟರಿಗೊಂದರಂತೆ. ಅದೇ ಹೊತ್ತಿಗೆ, ಮಕ್ಕಳ ದಿನದ ನೆಪದಲ್ಲಿ, ಸರ್ಕಾರದ ಅಂಕಿಅಂಶ ವಿಭಾಗ ದೇಶದಲ್ಲಿ ಹದಿನೈದು ವರ್ಷದೊಳಗಿನವರು ಎಷ್ಟಿದ್ದಾರೆಂದು ಪ್ರಕಟಿಸುತ್ತದೆ. 2024ರಲ್ಲಿ ಆ ಸಂಖ್ಯೆ ಸುಮಾರು 1 ಕೋಟಿ 40 ಲಕ್ಷ. ಅದು ಸತತ 43ನೆಯ ವರ್ಷದ ಇಳಿಕೆ. ಎದೊದ ತಾಯಂದಿರು ಹುಟ್ಟಿದ ಮಗು ಉಳಿಯಲಿ ಎಂದು ಬೇಡಿಕೊಂಡ ದಿನದಂದೇ ಈಗಿನ ಪತ್ರಿಕೆಗಳು ಮಕ್ಕಳು ಹುಟ್ಟುತ್ತಿಲ್ಲವಲ್ಲ ಎಂದು ಬರೆಯುತ್ತವೆ.

ಶೋಗನ್ ಗೊಂಬೆಯ ಎತ್ತರ ಅಳೆದ, ಮೇಯ್ಜಿ ಸರ್ಕಾರ ದಿನವನ್ನೇ ಅಳಿಸಿತು, ಅಂಗಡಿ ಬೆಲೆ ಕಟ್ಟಿತು, ಸೇನೆ ಸಮವಸ್ತ್ರ ತೊಡಿಸಿತು. ಇಷ್ಟು ಕೈ ದಾಟಿಯೂ ಈ ಹಬ್ಬಗಳು ಉಳಿದದ್ದಕ್ಕೆ ನನಗೆ ಕಾಣುವ ಕಾರಣ ಒಂದೇ. ಆಜ್ಞೆ ಹೊರಡಿಸಿದವರಾರೂ ಮಗುವಿಗೆ ಸ್ನಾನ ಮಾಡಿಸುತ್ತಿರಲಿಲ್ಲ. ಮಾಡಿಸುತ್ತಿದ್ದವರಿಗೆ ತಾರೀಕು ಯಾವುದಾದರೂ ನಡೆಯುತ್ತಿತ್ತು, ನೀರಿಗೆ ಎಲೆ ಬಿದ್ದರೆ ಸಾಕಿತ್ತು.

ಆ ಸಂಜೆ ಸೆಂತೊದಿಂದ ಬಂದು ಅಮ್ಮನಿಗೆ ಫೋನ್ ಮಾಡಿ ಬಜೆಯ ವಿಷಯ ಹೇಳಿದೆ. ಅಮ್ಮನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ‘ಮಕ್ಕಳಿರೋ ಕಡೆ ಬಜೆ ಇರಲೇಬೇಕಲ್ಲ’ ಎಂದಳು. ಆಮೇಲೆ, ತೇಯುವ ಕಲ್ಲು ಇನ್ನೂ ಅಟ್ಟದ ಮೇಲೆ ಇದೆ, ಎಂದೂ ಹೇಳಿದಳು.